ಮೊಣಕೈ ಪಕ್ಕೆಗೆ, ಮುಂಗೈ ಹೊರಕ್ಕೆ: ಭುಜ ಪರೀಕ್ಷಿಸುವ ಬಗೆ

(ಕೋಲಾರದಲ್ಲಿ ತಾಲ್ಲೂಕು ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಫಿಸಿಯೋಥೆರಪಿಸ್ಟರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಭುಜ ನೋವು ಎಂದು ಬಂದವರ ಹೊರರೋಗಿ ಚೀಟಿ ತೆಗೆದು ನೋಡಿ. ಹೆಚ್ಚಿನವುಗಳಲ್ಲಿ ‘ಪಿಎ ಶೋಲ್ಡರ್’ ಎಂದು ಬರೆದಿರುತ್ತದೆ. ಕೆಳಗೆ ಒಂದು ನೋವಿನ ಮಾತ್ರೆ, ಅದರ ಜೊತೆಗೊಂದು ಗ್ಯಾಸ್ ಮಾತ್ರೆ, ಹಚ್ಚಲು ಮುಲಾಮು, ‘ಫಿಸಿಯೋಥೆರಪಿ’ ಎಂಬ ಒಂದು ಪದ. ‘ಪಿಎ’ ಎಂದರೆ ಪೆರಿಆರ್ಥ್ರೈಟಿಸ್, ಕೀಲಿನ ಸುತ್ತಲ ಉರಿಯೂತ. ಈ ಹೆಸರನ್ನು ಬಳಕೆಗೆ ತಂದವರು ಫ್ರಾನ್ಸಿನ ಶಸ್ತ್ರವೈದ್ಯ ಡುಪ್ಲೇ, 1872ರಲ್ಲಿ. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಕೀಲಿನ ಸುತ್ತಮುತ್ತ ಎಲ್ಲೋ ಏನೋ ಊದಿದೆ ಎನ್ನುವುದಕ್ಕಿಂತ ಹೆಚ್ಚಿನದನ್ನು ಆ ಹೆಸರು ಹೇಳುವುದಿಲ್ಲ. ಹೆಸರು ತಪ್ಪಲ್ಲ, ಆದರೆ ಅದೊಂದು ಗೋಣಿಚೀಲ. ಕೀಲು ಹಿಡಿದುಕೊಂಡವರು, ಸ್ನಾಯು ಹರಿದವರು, ಕುತ್ತಿಗೆಯ ನರ ಒತ್ತಿದವರು, ಕೆಲವೊಮ್ಮೆ ಹೃದಯದ ತೊಂದರೆಯವರು, ಎಲ್ಲರನ್ನೂ ಅದರೊಳಗೆ ತುಂಬಿ ಬಾಯಿ ಕಟ್ಟಿಬಿಡುತ್ತೇವೆ.

ಈ ಚೀಲ ಬಿಚ್ಚಲು ಎಂಆರ್‌ಐ ಬೇಕಿಲ್ಲ. ಒಂದು ಚಲನೆ ಸಾಕು: ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸುವುದು. ಇವತ್ತಿನ ಮಾತೆಲ್ಲ ಈ ಒಂದು ಚಲನೆಯ ಸುತ್ತಲೇ.

ಮೊದಲು, ರೋಗಿ ‘ಭುಜ’ ಎಂದಾಗ ಯಾವ ಜಾಗವನ್ನು ಹೇಳುತ್ತಿದ್ದಾರೆ? ನಮ್ಮ ಕಡೆ ಕುತ್ತಿಗೆಯ ಬುಡದಿಂದ ರಟ್ಟೆಯ ನಡುವಿನ ತನಕ ಎಲ್ಲವೂ ಭುಜವೇ. ಹಾಗಾಗಿ ‘ಎಲ್ಲಿ ನೋವು?’ ಎಂದು ಕೇಳಿ ಉತ್ತರ ಬರೆದುಕೊಳ್ಳಬೇಡಿ, ‘ತೋರಿಸಿ’ ಎನ್ನಿ. ಇನ್ನೊಂದು ಕೈಯ ಇಡೀ ಅಂಗೈಯಿಂದ ರಟ್ಟೆಯ ಹೊರಬದಿಯನ್ನು ಸವರಿ ತೋರಿಸಿದರೆ ತೊಂದರೆ ಭುಜದ ಕೀಲಿನಲ್ಲೋ ಅದರ ಸುತ್ತಲ ಸ್ನಾಯುಗಳಲ್ಲೋ ಇದೆ. ನೋವು ಹುಟ್ಟುವುದು ಮೇಲೆ, ತಿಳಿಯುವುದು ನಾಲ್ಕು ಬೆರಳು ಕೆಳಗೆ, ಭುಜವನ್ನು ಹೊರಗಿನಿಂದ ಮುಚ್ಚಿರುವ ಡೆಲ್ಟಾಯ್ಡ್ ಸ್ನಾಯು ಮೂಳೆಗೆ ಅಂಟುವ ಕಡೆ. ಅಲ್ಲಿಗೆ ಮುಲಾಮು ತಿಕ್ಕಿದರೆ ಏನೂ ಆಗದಿರುವುದು ಅದಕ್ಕೇ. ಒಂದೇ ಬೆರಳಿಟ್ಟು ಹೆಗಲ ನೆತ್ತಿಯನ್ನು ತೋರಿಸಿದರೆ ಕಾಲರ್ ಮೂಳೆಯ ತುದಿಯ ಕೀಲು, ಅಂದರೆ ಎಸಿ ಕೀಲು. ಕುತ್ತಿಗೆಯ ಪಕ್ಕದಿಂದ ಬೆನ್ನಿನ ಹಲಗೆ ಮೂಳೆಯ ಒಳಬದಿಗೆ ಕೈ ಎಳೆದು, ಅಲ್ಲಿಂದ ಮೊಣಕೈ ದಾಟಿ ಬೆರಳ ತನಕ ಜೋಮು ಎಂದರೆ ಕುತ್ತಿಗೆ. ಎದೆಯ ಮೇಲೆ ಮುಷ್ಟಿಯಿಟ್ಟು ಅಲ್ಲಿಂದ ಎಡಗೈಗೆ ಎಳೆದರೆ ಮುಂದಿನ ಪರೀಕ್ಷೆ ಇಸಿಜಿ.

ಕೀಲಿನ ರಚನೆ ನಿಮಗೆಲ್ಲ ಗೊತ್ತಿರುವುದೇ. ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ನೆನಪಿಸುತ್ತೇನೆ. ಒಂದು ಚಿಕ್ಕ, ಆಳವಿಲ್ಲದ ತಟ್ಟೆ, ಅದರ ಮೇಲೆ ದೊಡ್ಡ ಚೆಂಡು. ತೋಳಿನ ಮೂಳೆಯ ಗುಂಡಿನ ಮೂರನೇ ಒಂದು ಪಾಲೋ ಅದಕ್ಕೂ ಕಡಿಮೆಯೋ ಮಾತ್ರ ಒಂದು ಹೊತ್ತಿಗೆ ತಟ್ಟೆಗೆ ತಾಕಿರುತ್ತದೆ. ಮಿಕ್ಕದ್ದನ್ನು ಹಿಡಿದಿಡುವುದು ಕೀಲಿನ ಚೀಲ, ತಟ್ಟೆಯ ಅಂಚಿನ ಸುತ್ತ ಬಳೆಯಂತಿರುವ ಲೇಬ್ರಮ್ ಮತ್ತು ನಾಲ್ಕು ಸ್ನಾಯುಗಳು. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್. ಈ ನಾಲ್ಕರ ತುದಿಗಳು ಸೇರಿ ಆಗುವ ಪಟ್ಟಿಯೇ ರೊಟೇಟರ್ ಕಫ್. ಅದರ ನೆತ್ತಿಯ ಮೇಲೆ ಆಕ್ರೋಮಿಯನ್ ಎಂಬ ಮೂಳೆಯ ಸೂರು, ನಡುವೆ ಬರ್ಸಾ ಎಂಬ ತೆಳುಚೀಲ. ಕೈಯನ್ನು ಪೂರ್ತಿ 180 ಡಿಗ್ರಿ ಎತ್ತಿದಾಗ ಸುಮಾರು 120 ಡಿಗ್ರಿ ಭುಜದ ಕೀಲಿನದು, 60 ಡಿಗ್ರಿ ಹಲಗೆ ಮೂಳೆ ಎದೆಗೂಡಿನ ಮೇಲೆ ಜಾರಿ ಬರುವುದು. ಈ ಲೆಕ್ಕ ನೆನಪಿರಲಿ. ಕೀಲು ಪೂರ್ತಿ ಹಿಡಿದುಕೊಂಡವರೂ ಹಲಗೆ ಮೂಳೆಯ ಬಲದಿಂದಲೇ ಕೈಯನ್ನು ಒಂದಷ್ಟು ಮೇಲೆತ್ತಿ ‘ಎತ್ತುತ್ತೇನಲ್ಲ’ ಎನ್ನುತ್ತಾರೆ. ಮೋಸ ಹೋಗುವುದು ಅಲ್ಲೇ.

ಕೇಳಬೇಕಾದ ಪ್ರಶ್ನೆಗಳು

ವಯಸ್ಸೇ ಅರ್ಧ ಉತ್ತರ. ಮೂವತ್ತರೊಳಗಿನವರಲ್ಲಿ ಕೀಲು ಜಾರುವ ತೊಂದರೆ ಮತ್ತು ಪೆಟ್ಟು. ನಲವತ್ತರಿಂದ ಅರವತ್ತರ ನಡುವೆ ಹಿಡಿದುಕೊಂಡ ಭುಜ, ಕಫ್‌ನ ಸವೆತ. ಅರವತ್ತು ದಾಟಿದವರಲ್ಲಿ ಕಫ್ ಹರಿದಿರುವುದು, ಕೀಲು ಸವೆದಿರುವುದು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ. ಇಲ್ಲ ಎಂದರೂ ಹಿಡಿದುಕೊಂಡ ಭುಜ ಕಂಡರೆ ರಕ್ತ ಪರೀಕ್ಷೆ ಮಾಡಿಸಿ, ಎಷ್ಟೋ ಜನರಿಗೆ ಸಕ್ಕರೆ ಇರುವುದು ಭುಜದಿಂದಲೇ ಗೊತ್ತಾಗುತ್ತದೆ. ಥೈರಾಯ್ಡ್ ತೊಂದರೆಗೂ ಈ ನಂಟು ಇದೆ.

ಕೆಲಸವನ್ನು ಕೇಳುವಾಗ ‘ವ್ಯವಸಾಯ’ ಎಂದು ಬರೆದು ಬಿಟ್ಟರೆ ಉಪಯೋಗವಿಲ್ಲ. ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್‌ಗಳನ್ನು ದಿನವಿಡೀ ಹೆಗಲ ಮೇಲಿಟ್ಟು ಲಾರಿಗೆ ಏರಿಸುವವರಿಗೆ ಎಸಿ ಕೀಲು ಸವೆಯುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಸುಗ್ಗಿಯ ಕಾಲದಲ್ಲಿ ದೋಟಿ ಹಿಡಿದು ತಲೆಯ ಮೇಲೆ ಕೈಯೆತ್ತಿ ಗಂಟೆಗಟ್ಟಲೆ ಕಾಯಿ ಕೀಳುವವರಿಗೆ ಸುಪ್ರಾಸ್ಪೈನೇಟಸ್ ನೋಯುತ್ತದೆ. ಟೊಮೆಟೊ ಗಿಡಕ್ಕೆ ಕೋಲು ನೆಟ್ಟು ದಾರ ಕಟ್ಟುವ ಹೆಂಗಸರಿಗೂ ಅದೇ. ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡವರಿಗೆ ಪಟ್ಟಿ ಒತ್ತುವ ಹೆಗಲು ಒಂದು ಕಡೆ, ಹಿಡಿಕೆ ಆಡಿಸುವ ಕೈ ಇನ್ನೊಂದು ಕಡೆ. ಯಾವ ಭುಜ, ಯಾವ ಕೆಲಸ ಎಂದು ಹೊಂದಿಸಿ ನೋಡಬೇಕು.

ಏನು ಮಾಡಲಾಗುತ್ತಿಲ್ಲ ಎಂದೂ ಕೇಳಿ. ಜಡೆ ಹಾಕಿಕೊಳ್ಳಲು, ತಲೆಗೆ ನೀರು ಹುಯ್ದುಕೊಳ್ಳಲು ಆಗದಿದ್ದರೆ ಕೈಯೆತ್ತುವುದು ಮತ್ತು ಹೊರಕ್ಕೆ ತಿರುಗಿಸುವುದು ಕೆಟ್ಟಿದೆ. ಬೆನ್ನು ಉಜ್ಜಿಕೊಳ್ಳಲು, ಒಳ ಉಡುಪಿನ ಹುಕ್ಕು ಹಾಕಲು, ಹಿಂದಿನ ಜೇಬಿಗೆ ಕೈ ಹಾಕಲು ಆಗದಿದ್ದರೆ ಒಳಕ್ಕೆ ತಿರುಗಿಸುವುದು ಕೆಟ್ಟಿದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗ ‘ಎಲ್ಲಿ ಕಳಚಿಬಿಡುತ್ತದೋ’ ಎಂಬ ದಿಗಿಲಾದರೆ ಕೀಲು ಸಡಿಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದಿರುವುದು ಭುಜದ ಹಲವು ಕಾಯಿಲೆಗಳಿಗೆ ಸಾಮಾನ್ಯ. ಆದರೆ ಯಾವ ಮಗ್ಗುಲಿಗೆ ಮಲಗಿದರೂ, ಕೈಯನ್ನು ಅಲ್ಲಾಡಿಸದೆ ಇದ್ದರೂ ಬಿಡದ ನೋವು, ಜ್ವರ, ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಇವುಗಳಲ್ಲಿ ಒಂದಿದ್ದರೂ ಬೇರೆ ದಾರಿ ಹಿಡಿಯಬೇಕು.

ಬಟ್ಟೆ ತೆಗೆಸದೆ ಭುಜ ನೋಡಲಾಗದು

ಅಂಗಿಯ ಮೇಲಿಂದ ಭುಜ ಮುಟ್ಟಿ ನೋಡುವುದು, ಮುಚ್ಚಿದ ಪಾತ್ರೆಯ ಮೇಲೆ ಕೈಯಿಟ್ಟು ಸಾರಿಗೆ ಉಪ್ಪಿದೆಯೇ ಎಂದು ನೋಡಿದ ಹಾಗೆ. ಗಂಡಸರು ಬನಿಯನ್ ಸಹಿತ ತೆಗೆಯಲಿ. ಹೆಂಗಸರಿಗೆ ಪರದೆ, ಜೊತೆಗೆ ನರ್ಸ್ ಅಕ್ಕನೋ ಮನೆಯವರೋ ಇರಬೇಕು. ಕಂಕುಳ ಕೆಳಗೆ ಸುತ್ತು ಬರುವಂತೆ ಟವೆಲ್ ಕಟ್ಟಿಸಿದರೆ ಎರಡೂ ಭುಜ, ಬೆನ್ನಿನ ಮೇಲ್ಭಾಗ ಕಾಣುತ್ತವೆ, ಮಾನಕ್ಕೂ ಚ್ಯುತಿಯಿಲ್ಲ. ಎರಡೂ ಭುಜ ಎಂದೆ. ನೋವಿಲ್ಲದ ಭುಜವೇ ನಿಮ್ಮ ಅಳತೆಗೋಲು.

ಹಿಂದಿನಿಂದ ನೋಡುವುದನ್ನು ಮರೆಯುವವರೇ ಹೆಚ್ಚು. ಹಲಗೆ ಮೂಳೆಯ ಏಣಿನ ಮೇಲೂ ಕೆಳಗೂ ಸ್ನಾಯು ಇಳಿದು ಹಳ್ಳ ಬಿದ್ದಿದ್ದರೆ ಕಫ್ ಹರಿದು ಬಹಳ ದಿನವಾಗಿದೆ, ಇಲ್ಲವೇ ಅದರ ನರ ಒತ್ತಿದೆ. ಗೋಡೆಗೆ ಎರಡೂ ಅಂಗೈ ಊರಿ ತಳ್ಳಲು ಹೇಳಿ. ಹಲಗೆ ಮೂಳೆಯ ಒಳ ಅಂಚು ಕೋಳಿ ರೆಕ್ಕೆಯ ಹಾಗೆ ಎದ್ದು ನಿಂತರೆ ಆ ಮೂಳೆಯನ್ನು ಎದೆಗೂಡಿಗೆ ಒತ್ತಿ ಹಿಡಿಯುವ ಸೆರೇಟಸ್ ಸ್ನಾಯುವಿನ ನರಕ್ಕೆ ತೊಂದರೆ. ಮುಂದಿನಿಂದ ನೋಡಿದಾಗ ಭುಜದ ದುಂಡು ಹೋಗಿ ಮೂಲೆಯಾಗಿ ಕಂಡರೆ ಕೀಲು ಮುಂದಕ್ಕೆ ಜಾರಿದೆ. ಕಾಲರ್ ಮೂಳೆಯ ತುದಿಯಲ್ಲಿ ಮೆಟ್ಟಿಲು ಕಂಡರೆ ಎಸಿ ಕೀಲು ಬಿಟ್ಟಿದೆ. ಮೊಣಕೈ ಮಡಿಸಿದಾಗ ರಟ್ಟೆಯ ಮುಂಭಾಗದ ಗಡ್ಡೆ ಕೆಳಕ್ಕೆ ಇಳಿದು ಉಂಡೆಯಾದರೆ ಬೈಸೆಪ್ಸ್‌ನ ಉದ್ದ ತುದಿ ಕಿತ್ತಿದೆ. ನೋಡಲು ಗಾಬರಿ, ವಯಸ್ಸಾದವರಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಆದರೆ ಪಕ್ಕದಲ್ಲೇ ಇರುವ ಕಫ್ ಸರಿಯಿದೆಯೇ ಎಂದು ನೋಡಲೇಬೇಕು.

ಮುಟ್ಟುವುದಕ್ಕೆ ಒಂದು ದಾರಿ ಇಟ್ಟುಕೊಳ್ಳಿ: ಎದೆಮೂಳೆಯ ಬಳಿಯಿಂದ ಶುರು, ಕಾಲರ್ ಮೂಳೆಯ ಮೇಲೆ ಬೆರಳು ಜಾರಿಸುತ್ತ ಎಸಿ ಕೀಲು, ಆಕ್ರೋಮಿಯನ್ನಿನ ಅಂಚು. ಕೈಯನ್ನು ಬೆನ್ನ ಹಿಂದಕ್ಕೆ ಇಡಿಸಿದರೆ ಕಫ್ ಅಂಟಿಕೊಳ್ಳುವ ಮೂಳೆಯ ಉಬ್ಬು ಸೂರಿನ ಅಡಿಯಿಂದ ಮುಂದೆ ಬರುತ್ತದೆ, ಅಲ್ಲಿ ಒತ್ತಿದಾಗ ‘ಅಯ್ಯಪ್ಪಾ’ ಎಂದರೆ ಸುಪ್ರಾಸ್ಪೈನೇಟಸ್. ಕೀಲು ಬಿಸಿಯಾಗಿದ್ದು, ಊದಿದ್ದು, ಜ್ವರವೂ ಇದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಕೀಲಿನಲ್ಲಿ ಕೀವು ಎಂದೇ ತಿಳಿದು ಅದೇ ದಿನ ಕಳಿಸಿ.

ಆ ಒಂದು ಚಲನೆ

ಮೊದಲು ರೋಗಿಯೇ ಕೈ ಆಡಿಸಲಿ, ಆಮೇಲೆ ನೀವು ಆಡಿಸಿ. ಈ ಕ್ರಮ ತಿರುವುಮುರುವು ಆದರೆ ಮೊದಲೇ ನೋವು ಮಾಡಿ, ಆಮೇಲೆ ಅವರು ಹೆದರಿ ಎತ್ತದಿದ್ದುದನ್ನು ಬಲಹೀನತೆ ಎಂದು ಬರೆದುಕೊಳ್ಳುತ್ತೀರಿ.

ಎರಡೂ ಕೈ ಒಟ್ಟಿಗೆ ಪಕ್ಕದಿಂದ ಮೇಲಕ್ಕೆ ಎತ್ತಿಸಿ. ಯಾವ ಕೋನದಲ್ಲಿ ಮುಖ ಕಿವುಚಿತು ನೋಡಿ. 60ರಿಂದ 120 ಡಿಗ್ರಿ ನಡುವೆ ನೋವು ಬಂದು ಅದರ ಮೇಲೆ ಕಡಿಮೆಯಾದರೆ ಅದು ನೋವಿನ ಕಮಾನು, ಸೂರಿನಡಿ ಕಫ್ ಒತ್ತುತ್ತಿದೆ. ಪೂರ್ತಿ ಮೇಲೆ, ಕಿವಿಗೆ ತೋಳು ತಾಗುವ ಹೊತ್ತಿಗೆ ಹೆಗಲ ನೆತ್ತಿಯಲ್ಲಿ ನೋವು ಬಂದರೆ ಎಸಿ ಕೀಲು. ಬೆನ್ನ ಹಿಂದೆ ಹೆಬ್ಬೆರಳು ಎಷ್ಟು ಮೇಲೆ ಹೋಗುತ್ತದೆ ಎಂದು ಎರಡೂ ಕಡೆ ಅಳೆಯಿರಿ: ಪೃಷ್ಠ, ಸೊಂಟ, ಹಲಗೆ ಮೂಳೆಯ ಕೆಳತುದಿ.

ಈಗ ಹೊರತಿರುವು. ರೋಗಿಯನ್ನು ಮಲಗಿಸಿ ಮಾಡುವುದೇ ಒಳ್ಳೆಯದು. ಮಂಚವೇ ಹಲಗೆ ಮೂಳೆಯನ್ನು ಒತ್ತಿ ಹಿಡಿದಿರುತ್ತದೆ, ಮೈ ತಿರುಗಿಸಿ ಕಳ್ಳಾಟ ಆಡಲಾಗುವುದಿಲ್ಲ. ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಡಿ. ‘ಅಮ್ಮಾ, ಮೊಣಕೈ ಪಕ್ಕೆಗೆ ಒತ್ತಿ ಇಟ್ಕೊಳ್ಳಿ, ಕೈ ಸಡಿಲ ಬಿಡಿ, ನಾನೇ ತಿರುಗಿಸ್ತೀನಿ’ ಎನ್ನಿ. ಮೊಣಕೈ 90 ಡಿಗ್ರಿ ಮಡಿಸಿ, ಮುಂಗೈ ಕೋಣೆಯ ಛಾವಣಿಯತ್ತ ನೆಟ್ಟಗೆ ನಿಂತಿರುವಾಗ ಅದು ಸೊನ್ನೆ. ಅಲ್ಲಿಂದ ಮೆಲ್ಲಗೆ ಹೊರಕ್ಕೆ. ಮಾಮೂಲಾಗಿ 60 ಡಿಗ್ರಿಯ ಆಸುಪಾಸು ಹೋಗುತ್ತದೆ, ಕೆಲವರದು 80ರ ತನಕ, ಅದಕ್ಕೇ ಇನ್ನೊಂದು ಕಡೆಗೆ ಹೋಲಿಸಬೇಕು. ಕೋನ ಅಳೆಯುವ ಗೋನಿಯೋಮೀಟರ್ ಇಲ್ಲದಿದ್ದರೆ ಕಣ್ಣಳತೆಯೇ ಸಾಕು. 10ಕ್ಕೂ 60ಕ್ಕೂ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ. ಕೂರಿಸಿಯೇ ಮಾಡಬೇಕಾದರೆ ಮೊಣಕೈ ಪಕ್ಕೆ ಬಿಟ್ಟು ಏಳದಂತೆ, ಸೊಂಟ ತಿರುಗದಂತೆ ನೋಡಿಕೊಳ್ಳಿ. ಅರ್ಧದಷ್ಟು ತಪ್ಪು ಅಲ್ಲೇ ಆಗುವುದು ಎಂದರೆ ಅತಿಶಯೋಕ್ತಿ ಇರಬಹುದು, ಆದರೆ ಬಹಳ ಅಲ್ಲ.

ಇದರಿಂದ ನಾಲ್ಕು ದಾರಿ ತೆರೆಯುತ್ತವೆ. ರೋಗಿಗೂ ಆಗದು, ನೀವು ತಿರುಗಿಸಿದರೂ ಆಗದು: ಕೀಲೇ ಕಟ್ಟಿದೆ. ನೀವು ತಿರುಗಿಸಿದರೆ ಆಗುತ್ತದೆ, ರೋಗಿಗೆ ಆಗದು: ಎಳೆಯುವ ಸ್ನಾಯು ಹರಿದಿದೆ ಇಲ್ಲವೇ ನರ ಕೆಟ್ಟಿದೆ. ಇಬ್ಬರಿಗೂ ಆಗುತ್ತದೆ, ಆದರೆ ಕೈಯೆತ್ತುವಾಗ ಒಂದು ಹಂತದಲ್ಲಿ ನೋವು: ಕಫ್‌ನ ಒತ್ತಡ, ಬರ್ಸಾ, ಎಸಿ ಕೀಲು. ಎಲ್ಲ ಚಲನೆಯೂ ಪೂರ್ತಿ, ನೋವೂ ಇಲ್ಲ, ಆದರೂ ‘ಭುಜ ನೋವು’: ಭುಜ ಬಿಟ್ಟು ಬೇರೆ ಕಡೆ ಹುಡುಕಿ.

ಕೀಲೇ ಕಟ್ಟಿದಾಗ

ಹೆಚ್ಚಿನ ಸಲ ಇದು ಫ್ರೋಜನ್ ಶೋಲ್ಡರ್, ಅಂದರೆ ಹಿಡಿದುಕೊಂಡ ಭುಜ. ಈ ಹೆಸರನ್ನು 1934ರಲ್ಲಿ ಕೊಟ್ಟವರು ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. 1945ರಲ್ಲಿ ನೆವಿಯಾಸರ್ ಎಂಬ ವೈದ್ಯರು ಕೀಲಿನ ಚೀಲವೇ ದಪ್ಪವಾಗಿ ಕುಗ್ಗಿರುವುದನ್ನು ತೋರಿಸಿ ಅಡೆಸಿವ್ ಕ್ಯಾಪ್ಸುಲೈಟಿಸ್ ಎಂದರು. ಆಯುರ್ವೇದದಲ್ಲಿ ಸುಶ್ರುತ ಹೇಳುವ ಅವಬಾಹುಕವೂ ಈ ಬಗೆಯ ಕೈ ಕಟ್ಟುವ ತೊಂದರೆಯೇ, ನಾಟಿ ವೈದ್ಯರ ಬಾಯಲ್ಲಿ ಆ ಹೆಸರು ಕೇಳಿದರೆ ಹುಬ್ಬೇರಿಸಬೇಡಿ. ಚೀಲ ಮೊದಲು ಕುಗ್ಗುವುದು ಮುಂಭಾಗದಲ್ಲಿ, ಕೈಯನ್ನು ಹೊರಕ್ಕೆ ತಿರುಗಿಸಿದಾಗ ಹಿಗ್ಗಬೇಕಾದ ಜಾಗವೂ ಅದೇ. ಆದ್ದರಿಂದ ಹೊರತಿರುವು ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಹೆಚ್ಚು ಹೋಗುತ್ತದೆ.

ಆದರೆ ಹೊರತಿರುವು ಹೋದದ್ದೆಲ್ಲ ಫ್ರೋಜನ್ ಅಲ್ಲ. ಹೆಸರು ಬರೆಯುವ ಮುನ್ನ ಎಕ್ಸ್‌ರೇ ಬೇಕೇ ಬೇಕು, ಅದೂ ಎರಡು ದಿಕ್ಕಿನಿಂದ. ಮುಂದಿನಿಂದ ತೆಗೆದದ್ದೊಂದು, ಕಂಕುಳ ಕಡೆಯಿಂದ ತೆಗೆದ ಆಕ್ಸಿಲರಿ ವ್ಯೂ ಇನ್ನೊಂದು. ಫಿಟ್ಸ್ ಬಂದವರಲ್ಲಿ, ಕರೆಂಟ್ ಹೊಡೆದವರಲ್ಲಿ ಕೀಲು ಹಿಂದಕ್ಕೆ ಜಾರಿರಬಹುದು. ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಅದು ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ, ಗುಂಡು ಮಾತ್ರ ಬಲ್ಬಿನ ಹಾಗೆ ಸಮನಾಗಿ ದುಂಡಗಿರುತ್ತದೆ. ಬೋರ್‌ವೆಲ್ ಮೋಟರಿನ ಬಳಿ ಶಾಕ್ ತಗುಲಿ ಆಮೇಲೆ ಕೈ ತಿರುಗುವುದಿಲ್ಲ ಎಂದು ಬಂದವರನ್ನು ‘ಪಿಎ’ ಎಂದು ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರೆ ಗುಂಡಿನ ಮುಂಭಾಗ ತಟ್ಟೆಯ ಅಂಚಿಗೆ ತಿಕ್ಕಿ ತಗ್ಗು ಬೀಳುತ್ತದೆ. ಪತ್ತೆಗೆ ಸುಲಭದ ಉಪಾಯ: ಕೈ ಮುಂದೆ ಚಾಚಿ, ಮೊಣಕೈ ನೀಟಿ, ತೀರ್ಥಕ್ಕೆ ಒಡ್ಡಿದ ಹಾಗೆ ಅಂಗೈ ಮೇಲೆ ಮಾಡಿ ಎನ್ನಿ. ಹಿಂದಕ್ಕೆ ಜಾರಿದ ಭುಜದವರಿಗೆ ಅದು ಆಗುವುದಿಲ್ಲ.

ಎಕ್ಸ್‌ರೇಯಲ್ಲಿ ಕೀಲಿನ ಸಂದು ಕಿರಿದಾಗಿ ಮುಳ್ಳು ಬೆಳೆದಿದ್ದರೆ ಸವೆತ. ಮೂಳೆ ತಿಂದಂತೆ ಕಂಡು, ಭುಜದ ಸ್ನಾಯು ಬಹಳ ಕರಗಿದ್ದರೆ ಕ್ಷಯವನ್ನು ನೆನೆಯಿರಿ. ಭುಜದ ಕ್ಷಯ ಕೀವಿಲ್ಲದೆ ಒಣಗಿದ ರೂಪದಲ್ಲೂ ಬರುತ್ತದೆ, ಫ್ರೋಜನ್ ಶೋಲ್ಡರ್‌ನಂತೆಯೇ ಕಾಣುತ್ತದೆ.

ನಮ್ಮ ಸೀಮೆಗೆ ಸೇರಿದ ಇನ್ನೊಂದು ಮಾತು. ಕೋಲಾರ, ಬಾಗೇಪಲ್ಲಿ, ಪಾವಗಡದ ಕಡೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ವರ್ಷಾನುಗಟ್ಟಲೆ ಅದಕ್ಕಿಂತ ಹೆಚ್ಚಿನದನ್ನು ಕುಡಿದವರಲ್ಲಿ ಕೀಲುಗಳ ಸುತ್ತಲ ಕಟ್ಟುಗಳು ಸುಣ್ಣಗಟ್ಟಿ ಬಿಗಿಯುತ್ತವೆ. ಎರಡೂ ಭುಜ, ಕುತ್ತಿಗೆ, ಸೊಂಟ ಒಟ್ಟಿಗೆ ಬಿಗಿದಿದ್ದರೆ ಮೂರು ಚಲನೆ ಮಾಡಿಸಿ: ಮಂಡಿ ಮಡಿಸದೆ ಬಗ್ಗಿ ಕಾಲ ಬೆರಳು ಮುಟ್ಟುವುದು, ಗಲ್ಲ ಎದೆಗೆ ತಾಗಿಸುವುದು, ಕೈಗಳನ್ನು ಪಕ್ಕಕ್ಕೆ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಮೂರೂ ಕಷ್ಟವಾದರೆ ಹಲ್ಲು ನೋಡಿ, ಯಾವ ನೀರು ಎಂದು ಕೇಳಿ. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆಗೆ ಸುಣ್ಣ ಕಟ್ಟಿದ್ದು ಕಾಣುತ್ತದೆ. ಇದಕ್ಕೆ ಭುಜಕ್ಕೆ ಇಂಜೆಕ್ಷನ್ ಕೊಟ್ಟು ಏನು ಪ್ರಯೋಜನ, ನೀರು ಬದಲಾಗಬೇಕು.

ಇವೆಲ್ಲ ಅಲ್ಲವೆಂದ ಮೇಲೆ, ಎಕ್ಸ್‌ರೇ ಸರಿಯಿದ್ದು ಹೊರತಿರುವು ಇನ್ನೊಂದು ಕಡೆಯ ಅರ್ಧವೂ ಇಲ್ಲದಿದ್ದರೆ, ಫ್ರೋಜನ್ ಶೋಲ್ಡರ್ ಎಂದು ಧೈರ್ಯವಾಗಿ ಬರೆಯಿರಿ. ಎಂಆರ್‌ಐ ಬೇಡ. ಮೊದಲ ಕೆಲವು ತಿಂಗಳು ನೋವಿನ ಹಂತ, ಆಮೇಲೆ ಬಿಗಿತದ ಹಂತ, ಕೊನೆಗೆ ಸಡಿಲವಾಗುವ ಹಂತ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು. ಇದನ್ನು ಮೊದಲ ದಿನವೇ ರೋಗಿಗೆ ಹೇಳಿ. ಹೇಳದಿದ್ದರೆ ಮೂರನೇ ವಾರಕ್ಕೆ ಇನ್ನೊಬ್ಬ ಡಾಕ್ಟರ್, ಎರಡನೇ ತಿಂಗಳಿಗೆ ಎಣ್ಣೆ ತಿಕ್ಕುವವರು.

ನೋವಿನ ಹಂತದಲ್ಲಿ ಜೋರಾಗಿ ಎಳೆದು ವ್ಯಾಯಾಮ ಮಾಡಿಸುವುದು ತಪ್ಪು. ಉರಿಯುವ ಚೀಲವನ್ನು ಎಳೆದಷ್ಟೂ ಅದು ಮತ್ತಷ್ಟು ಬಿಗಿಯುತ್ತದೆ. ಈ ಹಂತದಲ್ಲಿ ಕೀಲಿನೊಳಕ್ಕೆ 40 ಮಿಲಿಗ್ರಾಂ ಟ್ರಯಾಮ್ಸಿನೋಲೋನ್ ಎಂಬ ಸ್ಟಿರಾಯ್ಡ್ ಅನ್ನು ಮರಗಟ್ಟಿಸುವ ಲಿಗ್ನೋಕೇನ್ ಜೊತೆ ಕೊಟ್ಟರೆ ಕೆಲವು ವಾರಗಳ ಮಟ್ಟಿಗೆ ನೋವು ಚೆನ್ನಾಗಿ ಇಳಿಯುತ್ತದೆ. ಹಿಂದಿನಿಂದ, ಆಕ್ರೋಮಿಯನ್ನಿನ ಹಿಂಬದಿ ಮೂಲೆಯಿಂದ 2 ಸೆಂ.ಮೀ. ಕೆಳಗೆ, 1 ಸೆಂ.ಮೀ. ಒಳಗೆ ಸೂಜಿ ಇಟ್ಟು ಮುಂದಿರುವ ಕೊರಕಾಯ್ಡ್ ಎಂಬ ಮೂಳೆಯ ತುದಿಯತ್ತ ಗುರಿ. ತಳ್ಳುವಾಗ ಗಟ್ಟಿ ಅನ್ನಿಸಿದರೆ ಸೂಜಿ ಸ್ನಾಯುವಿನಲ್ಲೋ ಮೃದ್ವಸ್ಥಿಯಲ್ಲೋ ಇದೆ, ಹಿಂದಕ್ಕೆ ತೆಗೆಯಿರಿ, ಬಲ ಹಾಕಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಮರುದಿನದಿಂದ ಸುಮಾರು ಒಂದು ವಾರ ಸಕ್ಕರೆ ಏರುತ್ತದೆ. ಮೊದಲೇ ಹೇಳಿ, ಆ ವಾರ ಪರೀಕ್ಷಿಸಿಕೊಳ್ಳಲಿ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ, ಚರ್ಮದಲ್ಲಿ ಕಜ್ಜಿ ಹುಣ್ಣು ಇದ್ದವರಿಗೆ ಬೇಡ. ಅದೇ ಸಕ್ಕರೆಯವರಿಗೆ ದಿನಾ ಡೈಕ್ಲೋಫಿನ್ಯಾಕ್ ಎಂಬ ನೋವಿನ ಇಂಜೆಕ್ಷನ್ ಹಾಕಿ ಕಳಿಸುವುದು ಮೂತ್ರಪಿಂಡಕ್ಕೆ ಮಾಡುವ ದ್ರೋಹ.

ವ್ಯಾಯಾಮ ಸರಳವಾಗಿರಲಿ. ನೋಯದ ಕೈಯನ್ನು ಮೇಜಿಗೆ ಊರಿ, ಮುಂದೆ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಾಡಿಸುವುದು. ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳುವುದು. ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಕ್ಕೆ ಎಳೆಯುವುದು. ದಿನಕ್ಕೆ ಮೂರು ಸಲ, ಒಂದೊಂದೂ ಹತ್ತು ಬಾರಿ. ಗೋಡೆಯ ಮೇಲೆ ಬೆರಳು ಹತ್ತಿಸುವುದನ್ನಷ್ಟೇ ಹೇಳಿಕೊಟ್ಟು ಕಳಿಸುತ್ತೇವೆ. ಅದರಲ್ಲಿ ಹೊರತಿರುವು ಬರುವುದೇ ಇಲ್ಲ, ಹಲಗೆ ಮೂಳೆಯೇ ಎಲ್ಲ ಕೆಲಸ ಮಾಡಿಬಿಡುತ್ತದೆ.

ನಾವು ತಿರುಗಿಸಿದರೆ ಬರುತ್ತದೆ, ಅವರಿಗೆ ಬಾರದು

ಇಲ್ಲಿ ಕಫ್‌ನ ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಕೇಳಬೇಕು. ಸುಪ್ರಾಸ್ಪೈನೇಟಸ್‌ಗೆ: ಕೈ 90 ಡಿಗ್ರಿ ಎತ್ತಿ, ನೇರ ಪಕ್ಕಕ್ಕಲ್ಲದೆ ಸುಮಾರು 30 ಡಿಗ್ರಿ ಮುಂದಕ್ಕೆ ತಂದು, ಲೋಟದ ನೀರು ಚೆಲ್ಲುವ ಹಾಗೆ ಹೆಬ್ಬೆರಳು ಕೆಳಕ್ಕೆ. ನೀವು ಮೇಲಿನಿಂದ ಒತ್ತಿ. ಬಹಳ ನೋವಾದರೆ ಹೆಬ್ಬೆರಳು ಮೇಲೆ ಮಾಡಿಸಿ ಒತ್ತಿ, ಬಲ ತಿಳಿಯಲು ಅದೂ ಅಷ್ಟೇ ಚೆನ್ನ. ನೋವಿನಿಂದ ಸೋಲುವುದಕ್ಕೂ ಬಲವಿಲ್ಲದೆ ಸೋಲುವುದಕ್ಕೂ ವ್ಯತ್ಯಾಸ ಗುರುತಿಸಿ. ನೋವಿನವರು ಒಂದು ಗಳಿಗೆ ತಡೆದು ಬಿಡುತ್ತಾರೆ, ಬಲವಿಲ್ಲದವರ ಕೈ ಒತ್ತುತ್ತಲೇ ಇಳಿಯುತ್ತದೆ.

ಇನ್‌ಫ್ರಾಸ್ಪೈನೇಟಸ್‌ಗೆ ಮತ್ತೆ ನಮ್ಮ ಆ ಚಲನೆಯೇ. ಮೊಣಕೈ ಪಕ್ಕೆಯಲ್ಲಿ, ಮುಂಗೈ ಹೊರಕ್ಕೆ ತಳ್ಳಲಿ, ನೀವು ತಡೆಯಿರಿ. ಇದಕ್ಕಿಂತ ಬಲವಾದ ಸಾಕ್ಷಿ ಲ್ಯಾಗ್ ಚಿಹ್ನೆ: ನೀವೇ ಮುಂಗೈಯನ್ನು ಪೂರ್ತಿ ಹೊರಕ್ಕೆ ತಿರುಗಿಸಿ, ‘ಹೀಗೇ ಇಟ್ಕೊಳ್ಳಿ’ ಎಂದು ಕೈ ಬಿಡಿ. ಗೇಟು ತಾನಾಗಿ ಮುಚ್ಚಿಕೊಳ್ಳುವ ಹಾಗೆ ಮುಂಗೈ ಒಳಕ್ಕೆ ಬಂದುಬಿಟ್ಟರೆ ಹಿಂಭಾಗದ ಕಫ್ ಚೆನ್ನಾಗಿಯೇ ಹರಿದಿದೆ. ಆದರೆ ಕೀಲು ಕಟ್ಟಿದವರಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಮೊದಲು ಚಲನೆ, ಆಮೇಲೆ ಬಲ ನೋಡಬೇಕಾದದ್ದು ಇದಕ್ಕೇ.

ಸಬ್‌ಸ್ಕ್ಯಾಪುಲಾರಿಸ್ ಎಲ್ಲರೂ ಬಿಟ್ಟುಬಿಡುವ ಸ್ನಾಯು. ಕೈ ಬೆನ್ನ ಹಿಂದೆ ಸೊಂಟದ ಮೇಲಿಟ್ಟು, ಬೆನ್ನಿನಿಂದ ಎತ್ತಿ ದೂರ ಹಿಡಿಯಲು ಹೇಳಿ. ಬೆನ್ನ ಹಿಂದೆ ಕೈ ಹೋಗದವರಿಗೆ ಅಂಗೈ ಹೊಟ್ಟೆಯ ಮೇಲಿಟ್ಟು ಒತ್ತಿಸಿ, ಮೊಣಕೈ ಮುಂದೆ ಇರಬೇಕು. ಒತ್ತುವಾಗ ಮೊಣಕೈ ಹಿಂದಕ್ಕೆ ಬಿದ್ದು, ಮಣಿಕಟ್ಟು ಮಡಿಸಿ ಒತ್ತುತ್ತಿದ್ದರೆ ಆ ಸ್ನಾಯು ಸೋತಿದೆ.

ಅರವತ್ತು ದಾಟಿದವರಲ್ಲಿ ನೋವಿಲ್ಲದೆಯೂ ಕಫ್ ಹರಿದಿರುವುದು ಸಾಮಾನ್ಯ. ಪರೀಕ್ಷೆ ಮಾಡದೆ ಮೊದಲೇ ಸ್ಕ್ಯಾನ್ ತೆಗೆಸಿದರೆ ವರದಿಯಲ್ಲಿ ‘ಟೇರ್’, ಅಂದರೆ ಹರಿದಿದೆ, ಎಂದು ಎಷ್ಟೋ ಸಲ ಬರುತ್ತದೆ, ಬಂದ ಮೇಲೆ ರೋಗಿಯ ತಲೆಯಿಂದ ಅದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಮೆಲ್ಲಮೆಲ್ಲನೆ ಸವೆದು ಹರಿದದ್ದಕ್ಕೆ ಮೂರು ತಿಂಗಳ ವ್ಯಾಯಾಮ ಮೊದಲ ಚಿಕಿತ್ಸೆ. ಆದರೆ ಬೈಕಿನಿಂದ ಬಿದ್ದೋ ಭಾರ ಜಾರಿಯೋ ಕೈ ಎಳೆದ ದಿನದಿಂದ ಎತ್ತಲಾಗದವರು ಬೇರೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ಸಮಾಧಾನ ಹೇಳಿ ಕಳಿಸಬೇಡಿ. ಹರಿದ ತುದಿ ವಾರವಾರಕ್ಕೂ ಹಿಂದೆ ಸರಿಯುತ್ತದೆ, ಸ್ನಾಯು ಕರಗಿ ಕೊಬ್ಬಾಗುತ್ತದೆ, ಆಮೇಲೆ ಹೊಲಿದರೂ ಹಿಡಿಯುವುದಿಲ್ಲ. ಎರಡು ವಾರದೊಳಗೆ ಮೂಳೆ ತಜ್ಞರ ಕೈ ಸೇರಬೇಕು.

ನೋವಿನ ಕಮಾನು, ಎಸಿ ಕೀಲು

ಇಲ್ಲಿ ಬೇಗ ಸಾಗೋಣ. ಹಲಗೆ ಮೂಳೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಒಳಕ್ಕೆ ತಿರುಗಿಸಿದ ತೋಳನ್ನು ಮುಂದಿನಿಂದ ಮೇಲಕ್ಕೆ ಎತ್ತುವುದು ನೀರ್ ಎಂಬ ವೈದ್ಯರ ಹೆಸರಿನ ಚಿಹ್ನೆ. ತೋಳನ್ನು 90 ಡಿಗ್ರಿ ಮುಂದಕ್ಕೆ ಎತ್ತಿ, ಮೊಣಕೈ ಮಡಿಸಿ, ಮುಂಗೈಯನ್ನು ಕೆಳಕ್ಕೆ ತಿರುಗಿಸುವುದು ಹಾಕಿನ್ಸ್ ಚಿಹ್ನೆ. ಎರಡೂ ಸೂರಿನಡಿಯ ನೋವನ್ನು ಎಬ್ಬಿಸುತ್ತವೆ, ಆದರೆ ಫ್ರೋಜನ್ ಶೋಲ್ಡರ್‌ನವರಿಗೂ ನೋಯುತ್ತದೆ, ಸವೆತದವರಿಗೂ ನೋಯುತ್ತದೆ. ಹೊರತಿರುವು ನೋಡದೆ ಇವುಗಳನ್ನಷ್ಟೇ ಮಾಡಿ ‘ಇಂಪಿಂಜ್‌ಮೆಂಟ್’, ಅಂದರೆ ಸೂರಿನಡಿಯ ಒತ್ತಡ, ಎಂದು ಬರೆಯುವುದು ‘ಪಿಎ’ಯ ಹೊಸ ಅವತಾರ. ಸಂದೇಹ ಉಳಿದರೆ ಸೂರಿನಡಿಗೆ 1 ಪರ್ಸೆಂಟ್ ಲಿಗ್ನೋಕೇನ್ 5ರಿಂದ 10 ಎಂಎಲ್ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ನೋವು ಹೋಗಿ ಬಲವೂ ಬಂದರೆ ಕಫ್ ಹರಿದಿಲ್ಲ. ನೋವು ಹೋದರೂ ಬಲ ಬಾರದಿದ್ದರೆ ಹರಿದಿದೆ.

ತೋಳನ್ನು ಎದೆಗೆ ಅಡ್ಡಲಾಗಿ ಇನ್ನೊಂದು ಹೆಗಲಿಗೆ ತಂದು ಒತ್ತಿದಾಗ ಹೆಗಲ ನೆತ್ತಿಯಲ್ಲೇ ನೋಯಬೇಕು, ಆಗ ಎಸಿ ಕೀಲು. ಹಿಂಭಾಗದಲ್ಲಿ ನೋಯ್ದರೆ ಅಲ್ಲ. ಬಾಕ್ಸ್ ಹೊರುವವರಿಗೆ ಹೆಗಲು ಬದಲಿಸಿ ಹೊರಲು, ಮಡಿಸಿದ ಗೋಣಿಯನ್ನು ಅಡಿಗಿಡಲು ಹೇಳುವುದು ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ರಾತ್ರೋರಾತ್ರಿ ಮುಟ್ಟಲೂ ಬಿಡದಂಥ ನೋವು ಶುರುವಾಗಿ, ಜ್ವರವಿಲ್ಲದೆ, ಎಕ್ಸ್‌ರೇಯಲ್ಲಿ ಗುಂಡಿನ ಮೇಲೆ ಸುಣ್ಣದ ಚುಕ್ಕೆ ಕಂಡರೆ ಅದು ಕಫ್‌ನಲ್ಲಿ ಕಟ್ಟಿದ ಕ್ಯಾಲ್ಸಿಯಂ. ಹಾಲು, ರಾಗಿ ಬಿಡಿಸುವ ಅಗತ್ಯವಿಲ್ಲ, ಊಟದ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧವಿಲ್ಲ.

ಜಾರಿದ ಭುಜ

ಜಾರುವುದರಲ್ಲಿ ನೂರಕ್ಕೆ 95ರಷ್ಟು ಮುಂದಕ್ಕೆ. ಕೂರಿಸುವ ಮುನ್ನ ಎರಡು ಕೆಲಸ: ಮಣಿಕಟ್ಟಿನ ನಾಡಿ, ಮತ್ತು ರಟ್ಟೆಯ ಹೊರಬದಿಯಲ್ಲಿ, ಪೊಲೀಸರು ತೋಳಿಗೆ ಬಿಲ್ಲೆ ಹೊಲಿಸುವ ಜಾಗದಲ್ಲಿ, ಸ್ಪರ್ಶ. ಅಲ್ಲಿ ಜೋಮು ಇದ್ದರೆ ಆಕ್ಸಿಲರಿ ನರಕ್ಕೆ ಪೆಟ್ಟಾಗಿದೆ. ಇದನ್ನು ಮೊದಲೇ ಬರೆಯದಿದ್ದರೆ ನರ ಕೆಟ್ಟದ್ದು ನೀವು ಕೂರಿಸಿದ್ದರಿಂದ ಎಂದಾಗುತ್ತದೆ. ಕೂರಿಸಿದ ಮೇಲೆ ಮತ್ತೆ ಎರಡನ್ನೂ ನೋಡಿ, ಎಕ್ಸ್‌ರೇ ತೆಗೆಸಿ. ಮೂರು ವಾರ ಕಳೆದ ಹಳೆಯ ಜಾರಿಕೆಯನ್ನು, ಅದರಲ್ಲೂ ವಯಸ್ಸಾದವರದನ್ನು, ಎಳೆದು ಕೂರಿಸಲು ಹೋಗಬಾರದು. ರಕ್ತನಾಳ ಅಂಟಿಕೊಂಡಿರುತ್ತದೆ, ಹರಿದರೆ ಜೀವಕ್ಕೇ ಕುತ್ತು. ತಿಕ್ಕಿಸಿ, ಕಟ್ಟು ಹಾಕಿಸಿ ತಿಂಗಳ ಮೇಲೆ ಬಂದವರನ್ನು ಬೈಯುವ ಬದಲು ಬೇಗ ಮೇಲಿನ ಆಸ್ಪತ್ರೆಗೆ ಕಳಿಸಿ.

ಇಪ್ಪತ್ತರ ಹುಡುಗನಿಗೆ ಒಮ್ಮೆ ಜಾರಿದರೆ ಮತ್ತೆ ಜಾರುವ ಸಂಭವ ಬಹಳ, ಲೇಬ್ರಮ್ ಅಂಚಿನಿಂದ ಕಿತ್ತಿರುತ್ತದೆ. ಮಲಗಿಸಿ, ಕೈ 90 ಡಿಗ್ರಿ ಪಕ್ಕಕ್ಕೆ ಚಾಚಿ, ಚೆಂಡೆಸೆಯುವ ಹಾಗೆ ಮೆಲ್ಲಗೆ ಹಿಂದಕ್ಕೆ ತಿರುಗಿಸಿ. ಮುಖದಲ್ಲಿ ಭಯ ಕಾಣಬೇಕು, ಬರೀ ನೋವು ಲೆಕ್ಕಕ್ಕಿಲ್ಲ. ಗುಂಡನ್ನು ಮುಂದಿನಿಂದ ಒತ್ತಿ ಹಿಡಿದಾಗ ಭಯ ಹೋದರೆ ಖಚಿತ. ನಲವತ್ತು ದಾಟಿದವರಿಗೆ ಮತ್ತೆ ಜಾರುವ ಸಂಭವ ಕಡಿಮೆ, ಕಫ್ ಹರಿದಿರುವ ಸಂಭವ ಹೆಚ್ಚು. ಕೂರಿಸಿ ಎರಡು ವಾರವಾದರೂ ಕೈ ಎತ್ತಲಾಗದಿದ್ದರೆ ಕಫ್ಫೋ ನರವೋ ಎಂದು ಹುಡುಕಿ.

ಭುಜ ಸರಿಯಿದೆ, ನೋವು ಮಾತ್ರ ಇದೆ

ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ, ನೋವಿನ ಕಡೆಗೆ ವಾಲಿಸಿ, ತಲೆಯ ಮೇಲೆ ಮೆಲ್ಲಗೆ ಒತ್ತಿದಾಗ ಕೈಗೆ ಎಳೆದರೆ ನರದ ಬೇರು ಒತ್ತಿದೆ. ಇನ್ನೊಂದನ್ನು ರೋಗಿಯೇ ತೋರಿಸುತ್ತಾರೆ: ಬೆಂಚಿನ ಮೇಲೆ ಕೂತು ನೋಯುವ ಕೈಯನ್ನು ತಲೆಯ ಮೇಲಿಟ್ಟುಕೊಂಡಿರುತ್ತಾರೆ, ಹಾಗಿಟ್ಟರೆ ಆರಾಮ ಎನ್ನುತ್ತಾರೆ. ಭುಜದ ಕಾಯಿಲೆಯವರು ಆ ಭಂಗಿಗೆ ಹೋಗಲಾರರು. ಬೀಡಿ ಸೇದುವವರಲ್ಲಿ ಭುಜ ನೋವಿನ ಜೊತೆ ಅಂಗೈಯ ಸಣ್ಣ ಸ್ನಾಯುಗಳು ಕರಗಿ, ಒಂದು ರೆಪ್ಪೆ ಜೋತಿದ್ದರೆ ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುದಿ ನೋಡಿ. ಊಟವಾದ ಮೇಲೆ ಬಲ ಹೆಗಲ ತುದಿಗೆ ಬರುವ ನೋವು ಪಿತ್ತಕೋಶದ್ದಿರಬಹುದು. ನಡೆದಾಗ ಬಂದು ನಿಂತಾಗ ಹೋಗುವ ಎಡಭುಜದ ನೋವನ್ನು ‘ವಾಯು’ ಎಂದು ಅವರೇ ಹೇಳಿದರೂ ನೀವು ನಂಬಬೇಡಿ. ಐವತ್ತು ದಾಟಿದವರಲ್ಲಿ ಬೆಳಗ್ಗೆ ಎದ್ದಾಗ ಎರಡೂ ಭುಜ, ಎರಡೂ ತೊಡೆ ಬಿಗಿದು, ಉರಿಯೂತ ತಿಳಿಸುವ ರಕ್ತ ಪರೀಕ್ಷೆಯಾದ ಇಎಸ್‌ಆರ್ ಬಹಳ ಏರಿದ್ದರೆ ಪಾಲಿಮಯಾಲ್ಜಿಯಾ ಎಂಬ ಕಾಯಿಲೆಯನ್ನೂ ನೆನೆಯಿರಿ.

ಕಳಿಸುವ ಚೀಟಿಯ ಬಗ್ಗೆ ಒಂದು ಮಾತು ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ‘ಪಿಎ ಶೋಲ್ಡರ್, ಹೆಚ್ಚಿನ ಚಿಕಿತ್ಸೆಗಾಗಿ’ ಎಂದು ಬರೆದರೆ ಮೇಲಿನವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು, ಅವರಿಗೂ ಪುರುಸೊತ್ತಿಲ್ಲ, ನೇರ ಎಂಆರ್‌ಐ ಬರೆಯುತ್ತಾರೆ. ಅದರ ಬದಲು ಹೀಗಿರಲಿ: ‘58 ವರ್ಷ, ಬಲಗೈ ರೂಢಿ, ಸಕ್ಕರೆ ಇಲ್ಲ. ಬಿದ್ದು 10 ದಿನ. ಹೊರತಿರುವು ನಾವು ತಿರುಗಿಸಿದಾಗ ಎರಡೂ ಕಡೆ 60, ತಾನಾಗಿ ಬಲ 15, ಎಡ 60. ಲ್ಯಾಗ್ ಇದೆ. ಹೊಟ್ಟೆ ಒತ್ತುವ ಬಲ ಸರಿ. ರಟ್ಟೆಯ ಹೊರಬದಿ ಸ್ಪರ್ಶ ಸರಿ, ನಾಡಿ ಸರಿ. ಎಕ್ಸ್‌ರೇ ಎರಡು ವ್ಯೂ, ಮುರಿತವಿಲ್ಲ.’ ಈ ಆರೇಳು ಸಾಲು ಓದಿದ ತಜ್ಞರಿಗೆ ರೋಗಿ ಒಳಗೆ ಬರುವ ಮುನ್ನವೇ ಯಾವ ಸ್ನಾಯು, ಎಷ್ಟು ಅವಸರ ಎಂಬುದು ಗೊತ್ತಾಗಿರುತ್ತದೆ.